ಗುಂಡುಕಲ್ಲು ಎತ್ತಿದ್ದಕ್ಕೆ ಸಮಜಾಯಿಷಿ

ಊರ ಮೈದಾನಗಳಲ್ಲಿ ಯಾರು ಸೇರಬಹುದು, ಯಾರು ಸೇರಬಾರದು ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ತೇನಿಯ ನಿಮ್ಮ ಕಚೇರಿಯ ಗೇಟಿನ ಪಕ್ಕದಲ್ಲಿದ್ದ ಐವತ್ತೆಂಟು ಕಿಲೋ ತೂಕದ ಗುಂಡುಕಲ್ಲನ್ನು ಕಳೆದ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಯುವಶ್ರೀ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಎತ್ತಿ ಹೆಗಲ ಮೇಲಿಟ್ಟುಕೊಂಡು ಹಿಂದಕ್ಕೆ ಎಸೆದಳು. ಸರ್ಕಾರಿ ಸ್ವತ್ತನ್ನು ಅನುಮತಿಯಿಲ್ಲದೆ ಸ್ಥಳಾಂತರಿಸಿದ್ದಕ್ಕೆ, ಜನರನ್ನು ಗುಂಪುಗೂಡಿಸಿದ್ದಕ್ಕೆ, ಎರಡು ನೆಲಹಾಸು ಕಲ್ಲುಗಳನ್ನು ಒಡೆದದ್ದಕ್ಕೆ ಅವಳ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ನೀವು ನೋಟಿಸು ಕಳಿಸಿದ್ದೀರಿ. ‘ಈ ಕೃತ್ಯದ ಹಿಂದಿನ ಉದ್ದೇಶವೇನು’ ಎಂದೂ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಉತ್ತರ ಒಂದೇ ಪದದಲ್ಲಿದೆ: ಹೊಟ್ಟೆಕಿಚ್ಚು. ಅವಳದಲ್ಲ, ನನ್ನದು.

ನಾನು ಕಂಬಂನಿಂದ ನಾಲ್ಕು ಮೈಲಿ ದೂರದ ಊರಿನವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ನಮ್ಮ ಮನೆಮಾತು ಕನ್ನಡ. ಎಷ್ಟು ತಲೆಮಾರಿನ ಹಿಂದೆ ನಮ್ಮವರು ಈ ಕಣಿವೆಗೆ ಬಂದರೋ ಯಾರಿಗೂ ಗೊತ್ತಿಲ್ಲ. ಅದನ್ನು ಓದಲು ಬರೆಯಲು ನಾನು ಕಲಿತದ್ದು ಮಾತ್ರ ಮೈಸೂರಿನಲ್ಲಿ ತರಬೇತಿಗಿದ್ದ ಒಂದು ವರ್ಷದಲ್ಲಿ. ನಿಮ್ಮ ನೋಟಿಸಿಗೆ ಕೊಡಬೇಕಾದ ಉತ್ತರವನ್ನು ತಮಿಳಿನಲ್ಲಿ, ಮೂರು ಪ್ರತಿಯಲ್ಲಿ, ಇವತ್ತು ಬೆಳಿಗ್ಗೆಯೇ ಕೊಟ್ಟಿದ್ದೇನೆ. ಪತ್ರಿಕೆಯೊಂದಕ್ಕೂ ಕಳಿಸುತ್ತಿರುವ ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಏಕೆಂದರೆ ನನಗೆ ಸಿಟ್ಟು ಬರುವುದು ಕನ್ನಡದಲ್ಲಿ. ನಿಮಗೆ ಅರ್ಥವಾಗದೇ ಹೋದೀತು ಎಂಬ ಚಿಂತೆ ನನಗಿಲ್ಲ. ನಿಮ್ಮ ತಾಯಿಯವರು ಆಂಡಿಪಟ್ಟಿ ಕಡೆಯವರು, ನಿಮ್ಮ ಮನೆಯಲ್ಲೂ ಇದೇ ಮಾತು ಎಂದು ಕೇಳಿದ್ದೇನೆ. ಅದಕ್ಕೆ ಸಾಕ್ಷಿಯನ್ನೂ ಕಣ್ಣಾರೆ ಕಂಡಿದ್ದೇನೆ. ಆ ವಿಷಯ ಮುಂದೆ ಬರುತ್ತದೆ.

ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಸ್ಕಾಟ್ಲೆಂಡಿನಲ್ಲಿ. ನಗಬೇಡಿ. ನನ್ನ ಚಿಕ್ಕಮ್ಮನ ಮಗಳು ಗೋಮತಿ ಅಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸು. ಕಳೆದ ವರ್ಷ ಅವಳಿಗೆ ಮಂಡಿಯ ಆಪರೇಷನ್ ಆಯಿತು. ಅಡುಗೆ ಮಾಡಿ ಹಾಕಲು, ಕೈಹಿಡಿದು ನಡೆಸಲು ಯಾರಾದರೂ ಬೇಕಿತ್ತು. ಕೈಹಿಡಿದು ನಡೆಸುವುದು, ಬೈದು ಓಡಿಸುವುದು ಎರಡೂ ನನ್ನ ವೃತ್ತಿಯೇ ಆದ್ದರಿಂದ ನಾನು ಹೋದೆ. ಮೂರು ತಿಂಗಳಿದ್ದೆ. ಗುಡ್ಡಗಳ ನಡುವಿನ ಸಣ್ಣ ಊರು. ಮುನ್ನೂರು ಜನ, ಅದರ ಹತ್ತುಪಟ್ಟು ಕುರಿ. ಬಸ್ಸು ದಿನಕ್ಕೆ ನಾಲ್ಕು ಸಲ. ನಮ್ಮ ಕಂಬಂ ಕಣಿವೆಯ ಹಸಿರಾಗಲಿ, ಬೆಟ್ಟದ ಎತ್ತರವಾಗಲಿ, ಒಂದು ಗೊಂಚಲು ದ್ರಾಕ್ಷಿಯಾಗಲಿ ಅಲ್ಲಿಲ್ಲ. ಮೊದಲ ವಾರ ಎಲ್ಲವನ್ನೂ ನೋಡಿ, ‘ಪಾಪ, ಇವರಿಗೆ ಏನಿದೆ’ ಎಂದುಕೊಂಡೆ.

ಎರಡನೆಯ ವಾರ ಅಂಚೆ ಕಚೇರಿಯಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಆ ಸುತ್ತಿನ ಹಳ್ಳಿಗಳಲ್ಲಿ ಬೇಸಿಗೆಯಿಡೀ ಬಯಲಿನಲ್ಲಿ ನಡೆಯುವ ಉತ್ಸವಗಳ ಪಟ್ಟಿ. ಪ್ರತಿ ಶನಿವಾರ ಎಲ್ಲಾದರೂ ಒಂದು. ಒಂದೂರಲ್ಲಿ ಗುಡ್ಡ ಹತ್ತಿ ಇಳಿಯುವ ಓಟ, ಇನ್ನೊಂದರಲ್ಲಿ ಕುರಿ ಉಣ್ಣೆ ಕತ್ತರಿಸುವ ಪಂದ್ಯ, ಮತ್ತೊಂದರಲ್ಲಿ ಹಳೆಯ ಡ್ರಮ್ಮುಗಳನ್ನು ಕಟ್ಟಿ ತೆಪ್ಪ ಮಾಡಿ ಹೊಳೆಯಲ್ಲಿ ಬೀಳುವ ಸಂಭ್ರಮ. ಕೆಸರಿನಲ್ಲಿ ಓಡುವುದಕ್ಕೂ ಒಂದು ಹಬ್ಬ. ನಮ್ಮ ನಾಟಿ ಹೆಂಗಸರು ದಿನವಿಡೀ ಮಾಡುವ ಕೆಲಸಕ್ಕೆ ಅಲ್ಲಿ ಪದಕ ಕೊಡುತ್ತಾರೆ. ಹೊಲದ ಬೆದರುಬೊಂಬೆಗೂ ಅಲ್ಲೊಂದು ಉತ್ಸವವಿದೆ, ಮಾನ್ಯರೇ! ಮನೆಮನೆಯವರು ಒಂದೊಂದು ಬೊಂಬೆ ಮಾಡಿ ಬಾಗಿಲಲ್ಲಿ ನಿಲ್ಲಿಸುತ್ತಾರೆ, ಅದನ್ನು ನೋಡಲು ಜನ ಬರುತ್ತಾರೆ. ತರಕಾರಿ ಪ್ರದರ್ಶನದಲ್ಲಿ ಒಬ್ಬ ಮುದುಕ ತಾನು ಬೆಳೆದ ಈರುಳ್ಳಿಯನ್ನು ಮಗುವನ್ನು ಎತ್ತಿಕೊಂಡಂತೆ ಎರಡು ಕೈಯಲ್ಲಿ ಎತ್ತಿಕೊಂಡು ನಿಂತಿದ್ದ. ಅದಕ್ಕೆ ಮೊದಲ ಬಹುಮಾನ ಬಂದಿತ್ತು. ದಿಂಡಿಗಲ್ ಕಡೆಯ ರೈತರು ಲಾರಿಗಟ್ಟಲೆ ಬೆಳೆಯುವ ಸಣ್ಣ ಈರುಳ್ಳಿಗೆ, ಅದರ ಬಣ್ಣಕ್ಕೆ, ಅದರ ಘಾಟಿಗೆ ಯಾರಾದರೂ ಒಂದು ದಿನ ಒಂದು ಕಾಗದದ ಚೀಟಿಯನ್ನಾದರೂ ಕಟ್ಟಿದ್ದಾರೆಯೇ? ಆ ಮುದುಕನ ಮುಖ ನೋಡುತ್ತಾ ನಿಂತಾಗ ಹೊಟ್ಟೆಯೊಳಗೆ ಒಣಮೆಣಸು ಹುರಿದಂತಾಯಿತು.

‘ಇದಕ್ಕೆಲ್ಲಾ ಪರ್ಮಿಷನ್ ಯಾರತ್ರ ಕೇಳ್ತಾರೆ ಗೋಮತಿ?’ ಎಂದೆ.

‘ಕೌನ್ಸಿಲ್‌ಗೆ ಒಂದು ಫಾರಂ ಬರೀತಾರಕ್ಕಾ. ಚಳಿಗಾಲ್ದಾಗೇ ಬರ್ದು ಕಳಿಸಿಬಿಡ್ತಾರೆ. ಇನ್ಶೂರೆನ್ಸ್ ಇರಬೇಕು, ಆಂಬುಲೆನ್ಸ್‌ಗೆ ಸೊಲ್ಲಬೇಕು. ರೂಲ್ಸು ಇಲ್ಲೂ ರೊಂಬ ಐತೆ.’

‘ಆಮೇಲೆ?’

‘ಆಮೇಲೆ ಏನು? ಬದಿಲು ಬರುತ್ತೆ. ಅಷ್ಟೇ.’

ಬದಿಲು, ಅಂದರೆ ಉತ್ತರ, ಬರುತ್ತದಂತೆ. ಅರ್ಜಿ ಬರೆದವರಿಗೆ ಉತ್ತರ ಬರುವ ದೇಶ ಒಂದಿದೆ ಎಂದು ನನಗೆ ಅರವತ್ತು ವಯಸ್ಸಿಗೆ ತಿಳಿಯಿತು.

ಜುಲೈ ತಿಂಗಳ ಕೊನೆಯ ಶನಿವಾರ ಗೋಮತಿಯ ಊರಿನದೇ ಪಂದ್ಯಗಳು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಯಾರೂ ಮನೆಗೆ ಹೋಗಲಿಲ್ಲ, ಯಾರೂ ಮುಖ್ಯ ಅತಿಥಿಗಾಗಿ ಕಾಯಲಿಲ್ಲ. ಮುಖ್ಯ ಅತಿಥಿಯೇ ಇರಲಿಲ್ಲ! ವೇದಿಕೆ ಇರಲಿಲ್ಲ. ಹುಲ್ಲಿನ ಮೇಲೆ ಸುಣ್ಣದ ಗೆರೆ, ಸುತ್ತ ಹಗ್ಗ, ಒಂದು ಮೈಕು. ಮೈಕು ಹಿಡಿದವರು ಡೂಗಲ್ ಎಂಬ ಎಂಬತ್ತರ ಹಿರಿಯರು. ನಮ್ಮ ಗಂಡಸರು ಮಡಚಿ ಕಟ್ಟಿದ ಲುಂಗಿಯಷ್ಟೇ ಮೋಟಾದ, ಆದರೆ ಕಂಬಳಿಯಷ್ಟು ದಪ್ಪದ ಚೌಕಳಿ ಲಂಗ ಉಟ್ಟಿದ್ದರು. ಮಧ್ಯಾಹ್ನ ಅವರು ಏನೋ ಕೂಗಿದರು. ಜನ ಮೈದಾನದ ಮೂಲೆಗೆ ಓಡಿದರು. ನಾನೂ ಓಡಿದೆ.

ಅಲ್ಲಿ ಒಂದು ಕಲ್ಲಿತ್ತು. ದುಂಡಗೆ, ಬೂದುಬಣ್ಣ, ಕೈಗಳು ಮುಟ್ಟಿ ಮುಟ್ಟಿ ನುಣುಪಾಗಿತ್ತು.

ಜನರ ನಡುವೆ ನುಗ್ಗಿ ಅದರ ಹತ್ತಿರ ಹೋದೆ. ಅಂಥದೇ ಕಲ್ಲು ನಮ್ಮೂರ ಬಾಗಿಲಲ್ಲಿ, ಮಂದೆ ಎಂದು ನಾವು ಕರೆಯುವ ಬಯಲಿನಲ್ಲಿ, ಹುಣಸೆ ಮರದ ಕೆಳಗೆ ಬಿದ್ದಿತ್ತು. ತಮಿಳಿನಲ್ಲಿ ಇಳವಟ್ಟಕ್ಕಲ್, ನಮ್ಮ ಮನೆಗಳಲ್ಲಿ ಗುಂಡುಕಲ್ಲು. ಪೊಂಗಲ್ ಹಬ್ಬಕ್ಕೆ ಹುಡುಗರು ಅದನ್ನು ಎತ್ತುತ್ತಿದ್ದರು. ನನ್ನ ಚಿಕ್ಕಂದಿನಲ್ಲಿ ನೋಡಿದ್ದೇನೆ. ಆಮೇಲೆ ಅದೂ ನಿಂತುಹೋಯಿತು, ಮೇಕೆ ಕಟ್ಟುವ ಕಲ್ಲಾಯಿತು. ಹೆಣ್ಣುಮಕ್ಕಳಂತೂ ಅದನ್ನು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಆ ಮಳೆಯಲ್ಲಿ ಶಾಲೆಯ ಅಡುಗೆಯವಳೊಬ್ಬಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು, ಮುಂಗೈ ಒರೆಸಿಕೊಂಡು ಬಂದು ಕಲ್ಲನ್ನು ಎದೆಮಟ್ಟ ಎತ್ತಿದಳು. ಊರೇ ಚಪ್ಪಾಳೆ ಹೊಡೆಯಿತು. ಊರ ಸಭಾಂಗಣದಲ್ಲಿ ಕಲ್ಲು ಎತ್ತಿದವರ ಹೆಸರು, ಇಸವಿ ಬರೆದ ಮರದ ಹಲಗೆ ಇತ್ತು. ಅದರಲ್ಲಿ ಅವಳ ಹೆಸರು ಏಳು ಸಲ ಬಂದಿತ್ತು. ನಾನು ಆ ಹಲಗೆಯ ಮುಂದೆ ನಿಂತು ಮೇಲಿಂದ ಕೆಳಗೆ ಒಂದೊಂದು ಹೆಸರನ್ನೂ ಓದಿದೆ. ಓದಿದಷ್ಟೂ ಉರಿಯಿತು.

ಡೂಗಲ್ ನನ್ನನ್ನು ನೋಡಿ, ಇಂಡಿಯಾದ ಹೆಂಗಸು ಪ್ರಯತ್ನಿಸುತ್ತಾಳೆಯೇ ಎಂದು ಮೈಕಿನಲ್ಲಿ ಕೇಳಿದರು. ಸೆರಗು ಬಿಗಿದು ಸಿಕ್ಕಿಸಿ ಹೋದೆ. ಅವಳು ಎತ್ತಿದ ಕಲ್ಲಲ್ಲ, ಅದರ ಪಕ್ಕದ ಚಿಕ್ಕದು. ಒಂದು ಗೇಣು ಎದ್ದಿತು. ನೆಲ ಬಿಟ್ಟರೆ ಸಾಕು, ಲೆಕ್ಕಕ್ಕೆ ಬರುತ್ತದೆ ಎಂದರು. ಪರಿಚಯವಿಲ್ಲದ ಮುನ್ನೂರು ಜನ ನನಗಾಗಿ ಕೂಗಿದರು. ಗೋಮತಿ ಊರುಗೋಲು ಎತ್ತಿ ಕುಣಿಸಿದಳು. ನಾನು ಅತ್ತುಬಿಟ್ಟೆ. ಸಂತೋಷಕ್ಕೆಂದು ಎಲ್ಲರೂ ತಿಳಿದರು. ಅದು ಶುದ್ಧ ಅಸೂಯೆ. ನನ್ನ ಊರಿನಲ್ಲಿ ಅರವತ್ತು ವರ್ಷದಲ್ಲಿ ನನಗೆ ಸಿಗದ ಒಂದು ಗೇಣು, ಇವರಿಗೆ ಪ್ರತಿ ಶನಿವಾರ ಸಿಗುತ್ತಿದೆಯಲ್ಲ ಎಂಬ ಸಂಕಟ.

ಊರಿಗೆ ಬಂದವಳೇ ಗುಂಡುಕಲ್ಲಿಗೆ ಕಟ್ಟಿದ್ದ ಮೇಕೆಯನ್ನು ಬಿಚ್ಚಿದೆ. ಬಾಳೆಮಂಡಿಯ ತಕ್ಕಡಿಯಲ್ಲಿ ಕಲ್ಲನ್ನು ತೂಗಿಸಿದೆ. ಪಕ್ಕದ ಮನೆಯ ರಾಜಮ್ಮಾಳ್ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಎಪ್ಪತ್ತೆಂಟು.

‘ಏನ್ ತಿಲಗಾ, ಆ ಕಲ್ಲು ಮೇಲೆ ಉನಕ್ಕೇನು ಆಸೆ?’ ಎಂದರು.

‘ಹೆಣ್ಮಕ್ಳ ಕೈಲಿ ಎತ್ತಿಸ್ಬೇಕು ಅತ್ತೆ.’

ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ‘ನಾನು ಎತ್ತಿವ್ನಿ,’ ಎಂದರು.

ನಾನು ನಂಬಲಿಲ್ಲ.

‘ನಿಜವಾ ಸೊಲ್ತೀನಿ. ಹದಿನೇಳು ವಯ್ಸು. ವಿಡಿಯಕಾಲ್ದಾಗ, ಬೆಳಕು ಹರಿಯೋ ಹೊತ್ಗೆ, ನೀರಿಗೆ ಹೋಗೋವಾಗ ಯಾರೂ ಇಲ್ಲೆ. ಕೊಡ ಕೆಳಗಿಕ್ಕಿ ಎತ್ತಿದೆ. ಮಂಡಿ ಮಟ, ಆಮೇಲೆ ಎದೆ ಮಟ. ಕೆಳಗೆ ಹಾಕಿ, ಕೊಡ ತಕ್ಕೊಂಡು ಹೋದೆ.’

‘ಯಾರ್ಗೂ ಹೇಳ್ಲಿಲ್ವಾ?’

‘ಯಾರ್ಗೆ ಹೇಳೋದು? ಹೇಳಿದ್ರೆ ಕಲ್ಯಾಣ ನಿಂತೋಗ್ತಿತ್ತು.’

ಅರವತ್ತೊಂದು ವರ್ಷ ಆ ಮಾತನ್ನು ಒಳಗಿಟ್ಟುಕೊಂಡಿದ್ದರು, ಮಾನ್ಯರೇ. ಆ ಅಡುಗೆಯವಳ ಹೆಸರು ಏಳು ಸಲ ಬರೆದಿದ್ದಾರೆ. ಇವರ ಹೆಸರು ಒಂದು ಸಲವೂ ಇಲ್ಲ. ನನ್ನ ಹೊಟ್ಟೆಕಿಚ್ಚಿಗೆ ಯಾರಾದರೂ ಸೀಮೆಎಣ್ಣೆ ಸುರಿದಿದ್ದರೆ ಅದು ಆ ಸಂಜೆ ರಾಜಮ್ಮಾಳ್.

ಕಾಲುವೆ ದಂಡೆಯ ಮೇಲೆ ಸಂಜೆ ಸಂಜೆ ಅಭ್ಯಾಸ ಶುರುಮಾಡಿದೆವು. ಮೊದಲು ಮರಳಿನ ಚೀಲ, ಆಮೇಲೆ ದ್ರಾಕ್ಷಿ ತುಂಬಿದ ಕ್ರೇಟು, ಆಮೇಲೆ ತುಂಬಿದ ಗ್ಯಾಸ್ ಸಿಲಿಂಡರು. ಹನ್ನೊಂದು ಜನರಿಂದ ಆರಂಭವಾದದ್ದು ಕಾರ್ತಿಕದ ಹೊತ್ತಿಗೆ ನಲವತ್ತಾಯಿತು. ಅವರಲ್ಲಿ ಒಬ್ಬಳು ಯುವಶ್ರೀ. ನಾನು ನಿವೃತ್ತಳಾಗುವ ಮುನ್ನ ಕಲಿಸಿದ ಕೊನೆಯ ತಂಡದ ಹುಡುಗಿ. ತಾಯಿ ಮುತ್ತುಲಕ್ಷ್ಮಿಯ ಜೊತೆ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸ ಮಾಡುತ್ತಾ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಳು. ಮಾತು ಕಡಿಮೆ. ಕೈಗಳು ಮಾತ್ರ ಏನು ಹೇಳಬೇಕೋ ಹೇಳುತ್ತವೆ. ಡಿಸೆಂಬರಿನ ಎರಡನೆಯ ವಾರ ಅವಳು ಗುಂಡುಕಲ್ಲನ್ನು ಹೆಗಲಿಗೆ ತಂದಳು. ಅವತ್ತು ನಾನು ಅವಳಿಗೆ ‘ಭೇಷ್’ ಎಂದೆ, ಮನೆಗೆ ಬಂದು ನನ್ನ ತೋಳುಗಳನ್ನು ಕನ್ನಡಿಯಲ್ಲಿ ನೋಡಿಕೊಂಡೆ.

ಮಾಟ್ಟುಪ್ಪೊಂಗಲ್ ದಿನ, ಅಂದರೆ ಜನವರಿಯ ದನಗಳ ಹಬ್ಬದ ದಿನ, ಮಂದೆಯಲ್ಲಿ ಹೆಣ್ಣುಮಕ್ಕಳ ಕಲ್ಲು ಎತ್ತುವ ಪಂದ್ಯ ಮಾಡಬೇಕೆಂದು ನವೆಂಬರಿನಲ್ಲೇ ನಿಮಗೆ ಅರ್ಜಿ ಹಾಕಿದ್ದೆ. ನಿಮ್ಮ ಗುಮಾಸ್ತರಾದ ಗೋಕುಲ್ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿ ನನ್ನ ಅರ್ಜಿಯನ್ನು ಮೂರು ಸಲ ಓದಿ ತಮಿಳಿನಲ್ಲಿ ಹೇಳಿದರು: ‘ಟೀಚರ್, ನಮ್ಮ ಫಾರಂನಲ್ಲಿ ಹೋರಿ ಇದೆ, ಗಾಡಿ ಇದೆ, ಪಟಾಕಿ ಇದೆ. ಕಲ್ಲು ಇಲ್ಲ.’

‘ಇತರೆ ಅಂತ ಒಂದು ಸಾಲು ಇರುತ್ತದಲ್ಲ?’

‘ಇದೆ. ಇತರೆ ಅಂತ ಹಾಕಿದರೆ ಸಾಹೇಬರು ಸಹಿ ಹಾಕಲ್ಲ.’

ಪೊಲೀಸರ ಒಪ್ಪಿಗೆ ಪತ್ರ ತಂದೆ. ಅಗ್ನಿಶಾಮಕದವರದು ತಂದೆ, ಕಲ್ಲಿಗೆ ಬೆಂಕಿ ಹತ್ತುವುದಿಲ್ಲ ಎಂದು ಅವರೂ ಒಪ್ಪಿದರು. ವಿದ್ಯುತ್ತಿನವರದು, ಆರೋಗ್ಯದವರದು, ರಸ್ತೆಯವರದು. ಕೊನೆಗೆ ಕಲ್ಲು ಭದ್ರವಾಗಿದೆ ಎಂದು ಒಬ್ಬ ಎಂಜಿನಿಯರು ಬರೆದುಕೊಡಬೇಕು ಎಂದಿರಿ. ನೆಲದ ಮೇಲೆ ಬಿದ್ದಿರುವ ಕಲ್ಲು ಇನ್ನು ಎಲ್ಲಿಗೆ ಬೀಳುತ್ತದೆ ಎಂದು ಯಾರು ತಾನೆ ಬರೆದುಕೊಡುತ್ತಾರೆ? ಅದನ್ನೂ ತಂದೆ! ಹಬ್ಬಕ್ಕೆ ಮೂರು ದಿನ ಮುಂಚೆ ನಿಮ್ಮ ಉತ್ತರ ಬಂತು. ‘ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರಾಕರಿಸಲಾಗಿದೆ.’ ತೈಪೂಸದ ಜಾತ್ರೆಗೆ ಲಕ್ಷಾಂತರ ಜನ ಬರಿಗಾಲಲ್ಲಿ ಪಳನಿಗೆ ನಡೆದು ಹೋಗುತ್ತಾರೆ. ಹೆದ್ದಾರಿಯ ತುಂಬ ಕಾವಡಿ. ಭೂಮಿ ಅದನ್ನು ತಡೆದುಕೊಳ್ಳುತ್ತದೆ, ನೀವೂ ತಡೆದುಕೊಳ್ಳುತ್ತೀರಿ. ನಲವತ್ತು ಹೆಣ್ಣುಮಕ್ಕಳು ಒಂದು ಕಲ್ಲಿನ ಸುತ್ತ ನಿಂತರೆ ಮಾತ್ರ ಸುರಕ್ಷತೆ ಕುಸಿಯುತ್ತದೆಯೇ?

ಆದರೆ ಮಾಟ್ಟುಪ್ಪೊಂಗಲ್ ದಿನ ಮಂದೆ ಖಾಲಿ ಇರಲಿಲ್ಲ. ನೀವೇ ‘ಗ್ರಾಮೀಣ ಕಲಾ ಉತ್ಸವ’ ಮಾಡಿದಿರಿ. ವೇದಿಕೆ, ಪರದೆ, ಎದೆ ನಡುಗಿಸುವ ಸ್ಪೀಕರು. ಎಂಟು ಗಂಟೆಗೆ ಬರಬೇಕಾದ ಗಣ್ಯರು ಹನ್ನೊಂದಕ್ಕೆ ಬಂದರು. ಅಷ್ಟು ಹೊತ್ತೂ ಕಾಗದದ ಮಡಕೆ ಹೊತ್ತ ಚಿಕ್ಕ ಹುಡುಗಿಯರು ಬಿಸಿಲಲ್ಲಿ ನಿಂತಿದ್ದರು. ನನ್ನ ನಲವತ್ತು ಜನಕ್ಕೆ ‘ಮಹಿಳೆಯರು’ ಎಂದು ಬರೆದ ಕಟಕಟೆಯೊಳಗೆ ಜಾಗ ಸಿಕ್ಕಿತು, ಚಪ್ಪಾಳೆ ಹೊಡೆಯಲಿಕ್ಕೆ. ವೇದಿಕೆಯ ಪಕ್ಕದಲ್ಲಿ ಒಂದು ದೊಡ್ಡ ಫ್ಲೆಕ್ಸು ಇತ್ತು. ಎಲ್ಲಿಯದೋ ಹುಡುಗನೊಬ್ಬ ಕಲ್ಲು ಎತ್ತುತ್ತಿರುವ ಚಿತ್ರ, ಕೆಳಗೆ ‘ನಮ್ಮ ಹೆಮ್ಮೆಯ ಪರಂಪರೆ’. ನಾನು ಹುಣಸೆ ಮರದ ಕೆಳಗೆ ನೋಡಿದೆ. ನಮ್ಮ ಕಲ್ಲು ಇರಲಿಲ್ಲ. ವೇದಿಕೆಗೆ ಅಡ್ಡವಾಗುತ್ತದೆಂದು ಹಿಂದಿನ ದಿನ ನಿಮ್ಮವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗಿದ್ದರು.

ಅದು ಎಲ್ಲಿ ಹೋಯಿತೆಂದು ಗೊತ್ತಾದದ್ದು ಫೆಬ್ರವರಿಯಲ್ಲಿ. ತೇನಿ ಬಸ್ಸಿನ ಕಿಟಕಿಯಿಂದ ಕಂಡೆ. ನಿಮ್ಮ ಗೇಟಿನ ಪಕ್ಕ, ಹಳದಿ ಕಪ್ಪು ಪಟ್ಟೆ ಬಳಿದು, ಯಾರೂ ಅಲ್ಲಿ ಸ್ಕೂಟರು ನಿಲ್ಲಿಸಬಾರದೆಂದು ಇಟ್ಟಿದ್ದಿರಿ.

ಮಾರ್ಚಿನಿಂದ ನಾಲ್ಕು ಸಲ ಸೋಮವಾರದ ಮನವಿ ದಿನಕ್ಕೆ ಬಂದೆ. ನಾಲ್ಕು ಸಲವೂ ಟೋಕನ್ ಕೊಟ್ಟಿರಿ. ಐದನೆಯ ಸಲ ಏಳು ಜನ ಬಂದೆವು. ರಾಜಮ್ಮಾಳ್ ಕೂಡ ಬರುತ್ತೇನೆಂದು ಹಟ ಹಿಡಿದರು. ಗೇಟಿನ ಬಳಿ ಅವರು ಬಗ್ಗಿ ಸೆರಗಿನಿಂದ ಕಲ್ಲಿನ ಧೂಳು ಒರೆಸಿದರು. ಆ ಹೊತ್ತಿಗೆ ನೀವು ಫೋನಿನಲ್ಲಿ ಮಾತಾಡುತ್ತಾ ಹೊರಗೆ ಬಂದಿರಿ. ರಾಜಮ್ಮಾಳ್ ನಿಮ್ಮನ್ನು ತಡೆದು ಕನ್ನಡದಲ್ಲೇ ಹೇಳಿದರು.

‘ಸಾಮೀ, ಇದು ನಮ್ಮೂರ ಕಲ್ಲು. ನಾನು ಹದಿನೇಳು ವಯ್ಸಲ್ಲಿ ಎತ್ತಿವ್ನಿ. ನೀನೊಂದು ವಾಟಿ ಎತ್ತಿ ನೋಡು ಕಣ್ಣು. ಎತ್ತಿದ್ರೆ ನೀನೇ ವೆಚ್ಕೋ.’

ಒಂದು ಸಲ ಎತ್ತಿ ನೋಡು ಕಂದಾ, ಎತ್ತಿದರೆ ನೀನೇ ಇಟ್ಟುಕೋ ಎಂಬುದು ಅದರ ಅರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ನಕ್ಕಿರಿ. ಅರ್ಧ ಕ್ಷಣ, ತುಟಿಯ ತುದಿಯಲ್ಲಿ. ಅರ್ಥವಾಗದವರು ಅಲ್ಲಿ ನಗುವುದಿಲ್ಲ. ಆಮೇಲೆ ನಗುವನ್ನು ಒರೆಸಿಕೊಂಡು ತಮಿಳಿನಲ್ಲಿ ಕಾವಲುಗಾರರಿಗೆ, ‘ಅಜ್ಜಿಗೆ ಏನು ಬೇಕಂತೆ ಕೇಳಿ, ಟೋಕನ್ ಕೊಡಿ’ ಎಂದು ಹೇಳಿ ಬೆನ್ನು ತಿರುಗಿಸಿದಿರಿ.

ನಿಮ್ಮ ತಾಯಿಯ ಮಾತಿನಲ್ಲಿ ಕೇಳಿದ ಮುದುಕಿಗೆ ಬೆನ್ನು ತಿರುಗಿಸಿದ್ದನ್ನು ಕಂಡು ನನ್ನ ತಲೆ ಕೆಟ್ಟಿತು. ಇಲ್ಲಿಂದ ಮುಂದಿನದನ್ನು ನೀವು ಎಚ್ಚರಿಕೆಯಿಂದ ಓದಬೇಕು. ನಿಮ್ಮ ನೋಟಿಸಿನಲ್ಲಿ ಇದು ಇಲ್ಲ.

ನಾನು ಯುವಶ್ರೀಯ ಕಡೆ ತಿರುಗಿ, ‘ಎತ್ತು’ ಎಂದೆ.

ಅವಳು ನನ್ನ ಮುಖ ನೋಡಿದಳು. ‘ಇಲ್ಲೇಯಾ ಟೀಚರ್?’

‘ಇಲ್ಲೇ.’

ಅವಳು ಚಪ್ಪಲಿ ಬಿಟ್ಟಳು. ದುಪ್ಪಟ್ಟಾ ಬಿಚ್ಚಿ ಸೊಂಟಕ್ಕೆ ಬಿಗಿದಳು. ಬಗ್ಗಿ ಕಲ್ಲನ್ನು ತಬ್ಬಿ, ಮೊದಲು ತೊಡೆಯ ಮೇಲೆ, ಅಲ್ಲಿಂದ ಎದೆಗೆ ತಂದಳು. ಪೇಂಟು ಬಳಿದಿದ್ದರಿಂದ ಕೈ ಜಾರುತ್ತಿತ್ತು. ಎರಡು ಉಸಿರು ನಿಂತಳು. ಆಮೇಲೆ ಹೆಗಲಿಗೆ. ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಮನವಿಯ ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು, ಪಟ್ಟಾ ಸಿಗದವರು, ಪಿಂಚಣಿ ಬರದವರು. ಅವಳು ಕಲ್ಲನ್ನು ಬೆನ್ನ ಹಿಂದಕ್ಕೆ ಎಸೆದಾಗ ಎದ್ದ ಸದ್ದಿಗಿಂತ ಆ ಸಾಲಿನಿಂದ ಎದ್ದ ಕೂಗು ದೊಡ್ಡದು. ರಾಜಮ್ಮಾಳ್ ಅವಳ ಎರಡೂ ಕೆನ್ನೆ ಹಿಡಿದು ನಟಿಕೆ ಮುರಿದರು.

ನೀವು ಓಡಿ ಬಂದಿರಿ. ‘ಯಾರು ಹೇಳಿದ್ದು ನಿನಗೆ?’ ಎಂದು ಅವಳನ್ನು ಕೇಳಿದಿರಿ.

‘ಯಾರೂ ಹೇಳ್ಲಿಲ್ಲ ಸಾರ್. ನಾನೇ ಎತ್ತಿದೆ,’ ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಾಯಿ ತೆರೆಯಬೇಕಿತ್ತು. ಮೂರೇ ಹೆಜ್ಜೆ ದೂರದಲ್ಲಿದ್ದೆ. ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಧೈರ್ಯ ಹೇಳಿದವಳು ನಾನು. ಅವತ್ತು ನಾಲಿಗೆ ಎತ್ತಲಾಗಲಿಲ್ಲ. ಪೊಲೀಸು, ಕೇಸು, ಈ ವಯಸ್ಸಿನಲ್ಲಿ ಕೋರ್ಟು ಎಂದು ತಲೆಯೊಳಗೆ ಏನೇನೋ ಓಡಿತು. ಗೋಕುಲ್ ಅವಳ ಹೆಸರು, ವಿಳಾಸ ಬರೆದುಕೊಂಡರು. ನಾವು ಬಸ್ಸು ಹತ್ತಿ ಮನೆಗೆ ಬಂದೆವು. ದಾರಿಯಲ್ಲಿ ಅವಳು ನನಗೆ ಕಡಲೆಕಾಯಿ ಪೊಟ್ಟಣ ಕೊಟ್ಟಳು. ನಾನು ತಿಂದೆ.

ನೋಟಿಸು ಬಂದ ದಿನ ಅವಳ ತಾಯಿ ಮುತ್ತುಲಕ್ಷ್ಮಿ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

‘ಟೀಚರಮ್ಮಾ, ಲಿಖಿತ ಪರೀಕ್ಷೆ ಪಾಸಾಗವ್ಳೆ. ಮುಂದಿನ ತಿಂಗ್ಳು ಓಟದ ಪರೀಕ್ಷೆ. ಆಮೇಲೆ ಪೊಲೀಸ್ನವ್ರು ಊರಿಗೆ ಬಂದು ವಿಸಾರಿಸ್ತಾರೆ, ಈ ಹೆಣ್ಣು ಪುಳ್ಳೆ ಮೇಲೆ ಏನಾರ ಕಂಪ್ಲೇಂಟು ಐತಾ ಅಂತ.’

ನಾನು ಬಾಗಿಲಿಗೇ ಕುರ್ಚಿ ತಂದಿಟ್ಟೆ, ಅವಳು ಕೂರಲಿಲ್ಲ.

‘ನೀವು ಹೇಳ್ದೆ ಅವ್ಳು ಎತ್ತೋಳಲ್ಲ. ನಂಗೆ ತೆರಿಯುಂ, ಗೊತ್ತು ನಂಗೆ. ಅವ್ಳ್ನ ಕೇಳಿದ್ರೆ ಬಾಯಿ ಬಿಡಲ್ಲೆ. ನಾನು ನಿಮ್ಮನ್ನ ಬೈಯೋಕೆ ಬರ್ಲಿಲ್ಲ. ನೀವೇ ಓದ್ಸಿ ಬೆಳೆಸಿದ ಪುಳ್ಳೆ. ಸುಮ್ಮಾ ಹೇಳಿ ಹೋಗೋಣಾಂತ ಬಂದೆ.’

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಉದ್ದೇಶವೇನು? ನಾನು ಹತ್ತೊಂಬತ್ತರವಳಾಗಿದ್ದಾಗಲೂ ಆ ಕಲ್ಲು ಅಲ್ಲೇ ಇತ್ತು. ದಿನಾ ಅದರ ಪಕ್ಕದಲ್ಲೇ ಹಾದು ಹೋದೆ. ರಾಜಮ್ಮಾಳ್‌ಗಿದ್ದ ಎದೆ ನನಗಿರಲಿಲ್ಲ. ಆ ಸ್ಕಾಟ್ಲೆಂಡಿನ ಅಡುಗೆಯವಳ ಮೇಲೆ ನನಗಿರುವ ಹೊಟ್ಟೆಕಿಚ್ಚನ್ನು ಧಾರಾಳವಾಗಿ ಹೇಳಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುವ ಇನ್ನೊಂದಿದೆ. ಯುವಶ್ರೀಯ ಮೇಲೂ ಇದೆ. ಅವಳ ವಯಸ್ಸಿನ ಮೇಲೆ, ಅವಳ ತೋಳಿನ ಮೇಲೆ, ಇಲ್ಲೇಯಾ ಎಂದು ಕೇಳಿ ಇಲ್ಲೇ ಎಂದೊಡನೆ ಚಪ್ಪಲಿ ಬಿಟ್ಟ ಆ ನಂಬಿಕೆಯ ಮೇಲೆ. ನನ್ನ ಉರಿಗೆ ಅವಳ ತೋಳನ್ನು ಬಳಸಿಕೊಂಡೆ. ಶಿಕ್ಷಕಿ ಮಾಡಬಾರದ ಕೆಲಸ ಅದು. ಮಾಡಿ ಬಚ್ಚಿಟ್ಟುಕೊಂಡದ್ದು ಇನ್ನೂ ಕೀಳು.

ಹೋದ ವಾರ ಗೋಮತಿ ಫೋನು ಮಾಡಿದ್ದಳು. ಯುವಶ್ರೀ ಕಲ್ಲು ಎತ್ತಿದ್ದನ್ನು ಸಾಲಿನಲ್ಲಿದ್ದ ಯಾರೋ ಮೊಬೈಲಿನಲ್ಲಿ ಹಿಡಿದದ್ದು ಅವಳಿಗೂ ತಲುಪಿತ್ತು. ಅವಳು ಅದನ್ನು ಡೂಗಲ್‌ಗೆ ತೋರಿಸಿದಳಂತೆ. ಅವರು ನಾಲ್ಕು ಸಲ ಹಾಕಿಸಿಕೊಂಡು ನೋಡಿ, ‘ಇಂಥವರು ಅವರ ಹತ್ತಿರ ಎಷ್ಟು ಜನ ಇದ್ದಾರೆ?’ ಎಂದು ಕೇಳಿದರಂತೆ. ನಲವತ್ತು ಎಂದಳಂತೆ.

‘ತಾತಾ ಟೋಪಿ ತೆಗೆದು ಕೈಲಿ ಹಿಡ್ಕೊಂಡ್ರಕ್ಕಾ. ಆಮೇಲೆ ಸೊಲ್ರಾರು, ನಮ್ಮತ್ರ ನಾಲ್ಕೇ ಜನ, ಅದ್ರಲ್ಲಿ ಇಬ್ರು ಪಕ್ಕದೂರಿಂದ ಎರವಲು. ಚಿಕ್ಕೋರೆಲ್ಲ ಊರು ಬಿಟ್ಟು ಹೋಗವ್ರೆ. ನನ್ನ ನಂತ್ರ ಮೈಕು ಹಿಡಿಯೋಕೆ ಆಳಿಲ್ಲೆ. ಈ ವರ್ಷ ನಡೆದ್ರೆ ನಡೀತು ಅಂತ. ಅವ್ರ ಮುಖದಾಗ ಪೊರಾಮೆ ಕಂಡೆ ಅಕ್ಕಾ.’

ಪೊರಾಮೆ. ನಮ್ಮ ಮೇಲೆ ಅವರಿಗೆ ಹೊಟ್ಟೆಕಿಚ್ಚು! ಮೈದಾನವಿದೆ, ಕಲ್ಲಿದೆ, ಫಾರಂ ಬರೆದರೆ ಉತ್ತರ ಬರುತ್ತದೆ, ಎತ್ತುವವರಿಲ್ಲ. ಇಲ್ಲಿ ಎತ್ತುವ ಕೈಗಳು ಕಾಲುವೆ ದಂಡೆಯ ಮೇಲೆ ಸಿಲಿಂಡರು ಹಿಡಿದು ನಿಂತಿವೆ. ಎಂಬತ್ತು ವರ್ಷದ ಒಬ್ಬ ಮನುಷ್ಯ ಯಾವುದನ್ನು ನೋಡಿ ಆಸೆಪಟ್ಟರೋ, ಅದು ನಿಮಗೆ ಕಡತದಲ್ಲಿ ‘ಜನಸಂದಣಿ’ ಎಂದು ಕಾಣುತ್ತದೆ. ನಿಮ್ಮ ಕೈಯಲ್ಲಿರುವುದು ಏನೆಂದು ನಿಮಗೆ ಗೊತ್ತಿದೆಯೇ, ಮಾನ್ಯರೇ?

ಇವತ್ತು ಬೆಳಿಗ್ಗೆ ನಿಮ್ಮ ಕಚೇರಿಗೆ ಬಂದು, ಕಲ್ಲನ್ನು ಎತ್ತಿಸಿದವಳು ನಾನು, ಹುಡುಗಿ ನನ್ನ ಮಾತಿನಂತೆ ನಡೆದಳು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಗೋಕುಲ್ ಓದಿ ತಲೆಯೆತ್ತಿದರು. ‘ಯೋಚನೆ ಮಾಡಿ ಕೊಡ್ತಿದ್ದೀರಾ ಟೀಚರ್? ಇದು ಒಳಗೆ ಹೋದರೆ ವಾಪಸು ಬರಲ್ಲ.’ ಮೊಹರು ಹಾಕಿ ಎಂದೆ. ಹಾಕಿದರು. ಎದ್ದು ನಿಂತು ಹಾಕಿದರು, ಅದನ್ನು ನಾನು ಗಮನಿಸಿದೆ.

ಆದ್ದರಿಂದ ನನ್ನ ಬೇಡಿಕೆಗಳು. ಯುವಶ್ರೀಯ ಹೆಸರನ್ನು ಆ ಕಡತದಿಂದ ತೆಗೆಯಿರಿ, ಆ ಜಾಗದಲ್ಲಿ ನನ್ನದನ್ನು ಬರೆಯಿರಿ. ಅವಳ ಓಟದ ಪರೀಕ್ಷೆಗೆ ಮುಂಚೆ ಇದು ಆಗಬೇಕು. ಆಗಿದೆ ಎಂದು ಒಂದು ಕಾಗದದಲ್ಲಿ ಅವಳ ತಾಯಿಗೆ ತಿಳಿಸಿ. ಒಡೆದ ಎರಡು ನೆಲಹಾಸು ಕಲ್ಲುಗಳನ್ನು ನಾನೇ ಹಾಕಿಸಿಕೊಡುತ್ತೇನೆ. ಗುಂಡುಕಲ್ಲನ್ನು ಪೇಂಟು ಕೆರೆದು ಮಂದೆಗೆ ತಂದಿಡಿ. ಆಡಿ ಹದಿನೆಂಟರ ಬೆಳಿಗ್ಗೆ, ಹೊಳೆಗೆ ಹೊಸನೀರು ಬರುವ ಹಬ್ಬದ ದಿನ, ಅಲ್ಲಿ ಪಂದ್ಯ ನಡೆಸಲು ಇದರ ಜೊತೆ ಹೊಸ ಅರ್ಜಿ ಲಗತ್ತಿಸಿದ್ದೇನೆ. ಆಗುತ್ತದೆ ಎಂದಾದರೂ ಹೇಳಿ, ಆಗುವುದಿಲ್ಲ ಎಂದಾದರೂ ಹೇಳಿ. ಸಮಯಕ್ಕೆ ಹೇಳಿ. ನೀವು ಬರುವುದಾದರೆ ತಾಯಿಯವರನ್ನೂ ಕರೆತನ್ನಿ. ಶಾಲು ಹೊದಿಸುವುದಿಲ್ಲ, ಮಾಲೆ ಹಾಕುವುದಿಲ್ಲ, ಬೇಗ ಬಂದರೆ ನೆರಳಿನಲ್ಲಿ ಜಾಗ ಸಿಗುತ್ತದೆ.

ಈ ಪತ್ರವನ್ನು ಯುವಶ್ರೀಗೆ ತೋರಿಸಿಲ್ಲ. ತೋರಿಸಿದ್ದರೆ ಕಿತ್ತುಕೊಂಡು ಹರಿದು ಹಾಕುತ್ತಿದ್ದಳು. ಅಚ್ಚಾದ ಮೇಲೆ ಅವಳ ಮನೆಗೆ ಹೋಗಿ ನಾನೇ ಓದಿ ಹೇಳುತ್ತೇನೆ. ಅವಳಿಗೆ ಈ ಅಕ್ಷರ ಬರುವುದಿಲ್ಲ, ಮಾತು ಮಾತ್ರ ಬರುತ್ತದೆ.

ಇಂತಿ,
ಎತ್ತು ಎಂದು ಹೇಳಿ, ಹೇಳಿದೆ ಎನ್ನಲು ಮೂರು ವಾರ ತೆಗೆದುಕೊಂಡ,
ತಿಲಗವತಿ
ನಿವೃತ್ತ ದೈಹಿಕ ಶಿಕ್ಷಕಿ, ಕಂಬಂ ಕಣಿವೆ